ಆರು ಬೆರಳುದ್ದ ಟೇಪು

ಬುರೋ ಪೇಟೆಯಲ್ಲಿ ನನ್ನದು ಹೊಲಿಗೆ ಅಂಗಡಿ.
ಒಂದು ಮಷೀನು, ಪಕ್ಕದಲ್ಲಿ ಒಂದು ಟೇಪ್ ರೆಕಾರ್ಡರು,
ಎರಡಕ್ಕೂ ಎಣ್ಣೆ ಬಿಡುವವಳು ನಾನೇ, ಉಬಾಹ್.

ದಲ್ಮಾರ್ ಬರ್ಬೆರಾ ಬಂದರಿನಿಂದ ಲಾರಿಯಲ್ಲಿ ಅಕ್ಕಿ ತರುತ್ತಾನೆ,
ಅಕ್ಕಿಯ ಜೊತೆ ಕವಿತೆ.
ಆ ಸಲ ಅಂಗಿಯೊಳಗಿಂದ ಕ್ಯಾಸೆಟ್ ತೆಗೆದು, ಬೆವರು ಒರೆಸಿ,
ಹಸುಗೂಸನ್ನು ದಾಟಿಸುವ ಹಾಗೆ ಎರಡೂ ಕೈಲಿ ಕೊಟ್ಟ.
ಹೆಸರು ಮೊದಲು, ಕವಿತೆ ಆಮೇಲೆ, ನಮ್ಮಲ್ಲಿ ಅದೇ ಪದ್ಧತಿ:
"ಬಾವಿಕಟ್ಟೆಯ ದಹಾಬೊ ಹೇಳಿದ್ದು.
ಇಡೀ ಕವಿತೆ ದಕಾರದ ಮೇಲೆ ನಡೆಯುತ್ತೆ,
ಎಲ್ಲೂ ಕಾಲು ಜಾರಿಲ್ಲ.
ಶುಕ್ರವಾರ ಬರ್ತೀನಿ. ಯಾವ ಸಾಲು ಹಿಡಿಸಿತು, ಹೇಳಬೇಕು."

ರಾತ್ರಿ ಬಾಗಿಲು ಹಾಕಿಕೊಂಡು ಗುಂಡಿ ಒತ್ತಿದೆ.

ದಣಿದ ಒಂಟೆಯನ್ನು ದಾರಿ ಕೇಳಬೇಡ,
ದಡವಿಲ್ಲದ ಮರಳನ್ನು ದಿಕ್ಕು ಕೇಳಬೇಡ,
ದೀಪ ಆರಿಸಿದವರನ್ನು ದೂರಬೇಡ, ದಹಾಬೊ,

ಅಷ್ಟೇ. ಗೊರಗೊರ.
ಮುಚ್ಚಳ ತೆಗೆದರೆ ಯಂತ್ರದ ಬಾಯಿತುಂಬ ಕಂದು ಕರುಳು.
ಪೆನ್ಸಿಲ್ ತೂರಿಸಿ ಸುತ್ತಿದೆ, ಉಗುರಿನಿಂದ ನೀವಿದೆ.
ಆರು ಬೆರಳುದ್ದ ಮಾತ್ರ ಚಿಂದಿ.
ಕತ್ತರಿ ನನ್ನ ಕೈಯಲ್ಲೇ ಇತ್ತಲ್ಲ, ಕತ್ತರಿಸಿದೆ.
ಉಗುರುಬಣ್ಣ ಸವರಿ ತುದಿಗೆ ತುದಿ ಅಂಟಿಸಿದೆ.
ಎಷ್ಟೋ ಕುಪ್ಪಸಗಳ ಹರಿದ ಕಂಕುಳು ಮುಚ್ಚಿದ್ದೇನೆ,
ಇಷ್ಟು ಕೈ ನಡುಗಿದ್ದಿಲ್ಲ.

ಆ ಒಂದು ಸಾಲನ್ನು ಹುಡುಕಿಕೊಂಡು ಹೊರಟೆ,
ಕ್ಯಾಸೆಟ್ ನನಗಿಂತ ಮೊದಲು ಯಾರ ಯಾರ ಮನೆಯಲ್ಲಿ ಮಲಗಿ ಎದ್ದಿತ್ತೋ
ಅವರ ಮನೆಗಳಿಗೆಲ್ಲ.

ಖಾತ್ ಸೊಪ್ಪು ಮಾರುವ ಶುಕ್ರಿ, ಕಟ್ಟು ಕಟ್ಟುತ್ತಲೇ:
"ದುಡ್ಡಿಗೆ ದಕ್ಕದ್ದು ದಾನಕ್ಕೂ ದಕ್ಕದು.
ಅದೇ ಸಾಲು. ಆಣೆ ಇಡಲಾ?"

ರೇಡಿಯೋ ರಿಪೇರಿಯ ಅವಾಲೆ, ಕಣ್ಣಿಂದ ಭೂತಗನ್ನಡಿ ತೆಗೆಯದೆ:
"ದನಿಯೊಂದು ದಾಟಲಿ, ದೇಹ ದಡದಲ್ಲಿರಲಿ.
ನಾನೇ ಕಿವಿಯಾರೆ ಕೇಳಿದ್ದು."

ಸೂಲಗಿತ್ತಿ ಹಲೀಮೊ ನನ್ನ ಬೆನ್ನಿಗೊಂದು ಗುದ್ದಿ:
"ದಡ್ಡಿ, ದುಃಖಕ್ಕೂ ದಿನ ತುಂಬಬೇಕು."
ನನ್ನನ್ನು ಬೈದಳೋ, ಸಾಲು ಹೇಳಿದಳೋ,
ಬಹಳ ಹೊತ್ತು ತಿಳಿಯಲಿಲ್ಲ.

ಕೊನೆಗೆ ಮುದುಕ ಸಮತರ್.
ಮುನ್ನೂರು ಕವಿತೆ ಅವನ ನಾಲಿಗೆಯ ತುದಿಯಲ್ಲಿ.
"ಮರೆತೆ" ಅಂದ. ಅವನು!
"ಬೇರೆಯವರ ಕವಿತೆಗೆ ನಮ್ಮ ಸಾಲು ಸೇರಿಸುವುದೆಂದರೆ
ಬೇರೆಯವರ ಒಂಟೆಗೆ ನಮ್ಮ ಬರೆ ಎಳೆದ ಹಾಗೆ, ಮಗಳೇ."
ಮೂರನೆಯ ಚಹಾ ಬಂತು. ಸಕ್ಕರೆ ಕಲಕಿದ, ಕಲಕಿದ.
ಲೋಟಕ್ಕೆ ಹೇಳುವಂತೆ ಮೆಲ್ಲಗೆ,
"ದಾಟಿದವರಿಗೂ ದಾಹ ಇರುತ್ತದೆ.
ಇದು ಅವಳದಲ್ಲ. ನನ್ನದೂ ಅಲ್ಲ. ಹೋಗು."

ಶುಕ್ರವಾರ ಲಾರಿ ಬಂತು.
ಆರು ಬೆರಳ ಚಿಂದಿಯನ್ನು ಅಂಗೈಲಿಟ್ಟು ತಲೆ ತಗ್ಗಿಸಿದೆ.
ದಲ್ಮಾರ್ ಅದನ್ನು ಬಿಸಿಲಿಗೆ ಹಿಡಿದು ನೋಡಿ
ಸ್ಟೇರಿಂಗ್ ತಬ್ಬಿಕೊಂಡು ನಕ್ಕ.
"ಅಲ್ಲಿ ಸಾಲೇ ಇಲ್ಲ ಕಣೇ!
ರೆಕಾರ್ಡ್ ಮಾಡುವಾಗ ಯಾವನೋ ಕೆಮ್ಮಿಬಿಟ್ಟಿದ್ದ.
ನೀನು ಕತ್ತರಿಸಿದ್ದು ಆ ಕೆಮ್ಮನ್ನ."

ಹಾಗಾದರೆ ಶುಕ್ರಿ? ಅವಾಲೆ? ಆ ಆಣೆ?

ಲಾರಿಯ ಬಿಲ್ಲಿನ ಬೆನ್ನು ತಿರುಗಿಸಿ ತೋರಿಸಿದ.
ಎರಡು ವರ್ಷದ ಸಾಲುಗಳು, ಸಣ್ಣಕ್ಷರ, ಡೀಸೆಲ್ ಕಲೆ,
ಪ್ರತಿಯೊಂದರ ಮುಂದೆ ಒಬ್ಬೊಬ್ಬ ಗೆಳೆಯನ ಊರು.
"ದಹಾಬೊನನ್ನೇ ಕೇಳಬಾರದಿತ್ತಾ?" ಅಂದೆ.
"ಕೇಳಿದೆ. ಕೊಡದಲ್ಲಿ ನೀರು ಸೇದುತ್ತಿದ್ದಳು.
ನಿನ್ನ ಗೆಳೆಯರು ಏನಂದರು, ಮೊದಲು ಅದು ಹೇಳು, ಅಂದಳು."

ಪೆನ್ನಿನ ಮುಚ್ಚಳ ಹಲ್ಲಲ್ಲಿ ಕಚ್ಚಿಕೊಂಡ. "ನಿನ್ನದು?"

ಹೊಲಿಗೆಯ ಸೂಜಿ ನನ್ನ ತುಟಿಯ ನಡುವೆಯೇ ಇತ್ತು.
ತೆಗೆದು, "ದಾರ..." ಅಂದೆ.
ಮುಂದಕ್ಕೆ ಬರಲಿಲ್ಲ.
ಹಿಂದೆ ಬಸ್ಸೊಂದು ಹಾರ್ನ್ ಹಾಕಿ ಬೈಯತೊಡಗಿತ್ತು.
"ದಾರ" ಅಂತಲೇ ಬರೆದುಕೊಂಡು, ಮುಂದೆ ಜಾಗ ಬಿಟ್ಟು
ಗೇರ್ ಬದಲಿಸಿದ.